ಎದುರುಮನೆಯ ಬಾವುಟ

ಗುರುವಾರದ ಟರ್ಕಿ ಇನ್ನೂ ಮುಗಿದಿಲ್ಲ.
ಶುಕ್ರವಾರ ರಾತ್ರಿ ಒಂಬತ್ತಕ್ಕೆ
ಫ್ರಿಜ್ಜಿನ ಬಾಗಿಲು ತೆರೆದು ಸುಮ್ಮನೆ ನಿಂತಿದ್ದೇನೆ.
ತುತ್ತು ಇಳಿಯುವ ಹಾಗಿಲ್ಲ.
"ನಾಳೆ ನೀನೇನು ಆಡಲಿಕ್ಕಿದೆಯಾ, ಕ್ಯಾಸಿಮಿರ್?"
ಬರ್ನಿಸ್ ಕೇಳುತ್ತಾಳೆ, ಹೆಣಿಗೆಯಿಂದ ತಲೆಯೆತ್ತದೆ.
ನಲವತ್ತು ವರ್ಷದಿಂದ ಇದೇ ಪ್ರಶ್ನೆ.

ಇದು ಟೊಲೀಡೊ. ಎರಡು ರಾಜ್ಯಗಳ ಗಡಿ
ನಮ್ಮ ಬೀದಿಗೆ ಕೂಗಳತೆ.
ಗೆರೆಯ ಈ ಕಡೆ ಕೆಂಪು, ಆ ಕಡೆ ನೀಲಿ
ಅನ್ನುವುದು ನಕ್ಷೆಯ ಮಾತು;
ಇಲ್ಲಿ ಮೂಲೆಮನೆಯಲ್ಲಿ ಗಂಡ ಕೆಂಪು, ಹೆಂಡತಿ ನೀಲಿ,
ನಾಯಿಗೆ ಯಾವ ಸ್ವೆಟರ್ ಎಂದು ಬೆಳಗಾಗುತ್ತಲೇ ಜಗಳ.

ಆ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ ನಾನು.
ಹದಿನೆಂಟಕ್ಕೇ ಗಾಜಿನ ಕಾರ್ಖಾನೆ, ಕುಲುಮೆಯ ಪಾಳಿ.
ಒಮ್ಮೆ ಅಲ್ಲಿಯ ಯಾವುದೋ ಕಟ್ಟಡದ ಕಿಟಕಿಗಳಿಗೆಂದು
ನಮ್ಮಲ್ಲಿಂದ ಒಂದು ಲಾರಿ ಗಾಜು ಹೋಗಿತ್ತು,
ಅಷ್ಟೇ ನನ್ನ ವಿದ್ಯಾಭ್ಯಾಸ.
ಆದರೂ "ನಾವು" ಅನ್ನುತ್ತೇನೆ.
"ಹೋದ ವರ್ಷ ನಾವು ಸೋತೆವು" ಅನ್ನುವಾಗ
ನಾಲಗೆಯ ಮೇಲೆ ತಾಮ್ರದ ಕಾಸು ಇಟ್ಟ ಹಾಗೆ.

ಗೆಲ್ಲುತ್ತೇವೆ ಅನ್ನಬಾರದು. ಸೋಲುತ್ತೇವೆ ಅನ್ನಬಾರದು.
ಅಂಗಿ ಒಗೆಯಬಾರದು,
ಈ ಸಲದ ಹತ್ತು ಗೆಲುವಿನ ಬೆವರು ಅದರ ಕಂಕುಳಲ್ಲಿದೆ.
ಅಳಿಯ ಮಾತ್ರ ಆ ಹಸಿರು ಕುರ್ಚಿಯಲ್ಲಿ ಕೂರಕೂಡದು,
ಹೋದ ವರ್ಷ ಕೂತಿದ್ದ.
ಎರಡೂ ತುದಿ ಚೂಪಾದ ಚೆಂಡು,
ನೆಲಕ್ಕೆ ಬಿದ್ದರೆ ಯಾವ ಕಡೆ ಪುಟಿಯುವುದೋ ಅದಕ್ಕೇ ತಿಳಿಯದು;
ಇಪ್ಪತ್ತು ತುಂಬದ ಯಾವನೋ ಹುಡುಗನ ಹೆಬ್ಬೆರಳಿಗೆ
ಅರವತ್ತೆಂಟರ ನನ್ನ ಇಡೀ ಚಳಿಗಾಲವನ್ನು
ಕಟ್ಟಿಬಿಟ್ಟಿದ್ದೇನೆ.
ಅವನೂ ಈಗ ಯಾವುದೋ ಹೋಟೆಲಿನಲ್ಲಿ
ಸೂರು ನೋಡುತ್ತ ಬಿದ್ದುಕೊಂಡಿರಬಹುದು.
ನಿದ್ದೆ ಮಾಡು, ಮಗಾ.

ಅಲ್ಲ, ಇವತ್ತಿನ ಸಂಕಟ ಇದಲ್ಲ.
ಎದುರುಮನೆಯ ಹಾಲಿಸ್ ಬಾವುಟ ಏರಿಸಿಲ್ಲ.

ಇಪ್ಪತ್ತಾರು ವರ್ಷ, ಪಂದ್ಯದ ವಾರದ ಬುಧವಾರ,
ನಾನು ಪೇಪರ್ ಎತ್ತಲು ಬಾಗುವ ಹೊತ್ತಿಗೇ ಸರಿಯಾಗಿ
ಆ ನೀಲಿ-ಹಳದಿ ದರಿದ್ರವನ್ನು ಕಂಬಕ್ಕೇರಿಸಿ
ನನ್ನ ಕಡೆ ತಿರುಗಿ ಟೋಪಿ ಎತ್ತುತ್ತಿದ್ದ.
ನಾನು ಉಗಿಯುತ್ತಿದ್ದೆ, ಅವನಿಗೆ ಕಾಣುವ ಹಾಗೆ.
ಅಲ್ಲಿಗೆ ವಾರ ಶುರು.
ಈ ಬುಧವಾರ ಬರಿಯ ಕಂಬ. ಗುರುವಾರ ಬರಿಯ ಕಂಬ.
ಹಗ್ಗದ ಕೊಂಡಿ ಗಾಳಿಗೆ ಕಂಬಕ್ಕೆ ಬಡಿದು
ಟಿಣ್, ಟಿಣ್, ರಾತ್ರಿಯಿಡೀ.
ಎಣ್ಣೆಯೇ ಇಲ್ಲದ ಮೇಲೆ ಸೀಗೇಕಾಯಿ ಯಾತಕ್ಕೆ?

ಕೋಟು ತೊಟ್ಟು ಹೋದೆ.
ಬಾಗಿಲು ತೆರೆದವನ ಎಡಗೈ ಕೊರಳಪಟ್ಟಿಯಲ್ಲಿ ತೂಗುತ್ತಿತ್ತು,
ಸೂರಂಚಿನ ಎಲೆ ತೆಗೆಯಲು ಹೋಗಿ ಏಣಿಯಿಂದ ಬಿದ್ದನಂತೆ.
"ಹೆದರಿ ಬಾವುಟ ಬಚ್ಚಿಟ್ಟೆ ಅಂದುಕೊಂಡಿದ್ದೆ."
"ಕೊಂಡಿ ಹಾಕಲು ಎರಡು ಕೈ ಬೇಕು ಕಣೋ, ಮಂಕುದಿಣ್ಣೆ."
ಇಸ್ತ್ರಿ ಮಾಡಿ ಮಡಿಸಿದ್ದು ಬಾಗಿಲ ಪಕ್ಕದ ಸ್ಟೂಲಿನ ಮೇಲಿತ್ತು,
ಬುಧವಾರದಿಂದ ಅಲ್ಲೇ ಇದ್ದಿರಬೇಕು.
ಕೇಳಲಿಲ್ಲ ಅವನು. ನಾನೂ ಏನೂ ಅನ್ನಲಿಲ್ಲ.

ಬೀದಿಯಲ್ಲಿ ಯಾರೂ ಇಲ್ಲವೆಂದು ಎರಡು ಸಲ ನೋಡಿ
ಏರಿಸಿದೆ. ಈ ಕೈಯಿಂದ.
ತಲೆಕೆಳಗಾಗಿ ಹೋಗಲಿ ಎಂದು ಹಲ್ಲು ಕಚ್ಚಿ ಹಾರೈಸಿದೆ,
ನೆಟ್ಟಗೇ ಹೋಯಿತು.
ಬೀದಿದೀಪದಲ್ಲಿ ಅದು ಬಿಚ್ಚಿಕೊಂಡಾಗ
ಹಾಲಿಸ್ ಒಂಟಿ ಕೈಯಲ್ಲಿ ಟೋಪಿ ಎತ್ತಿದ.
ಉಗಿದೆ.

ಈಗ ಸಿಂಕಿನ ಮುಂದೆ ಎರಡನೇ ಸಲ ಸೋಪು ಹಚ್ಚುತ್ತಿದ್ದೇನೆ.
ಎಲ್ಲಿಗೆ ಹೋಗಿದ್ದೆ ಅನ್ನುತ್ತಾಳೆ ಬರ್ನಿಸ್.
ಚಳಿ ಎಷ್ಟಿದೆ ನೋಡಲಿಕ್ಕೆ.
ನಾಳೆ ಮಧ್ಯಾಹ್ನ ಅವನು ಸೋಲಬೇಕು,
ಅಂಚಿನಲ್ಲಲ್ಲ, ಮೂವತ್ತು ಅಂಕದಿಂದ,
ಮೂಳೆ ಕೂಡುವವರೆಗೂ ನೆನಪಿರಬೇಕು ಹಾಗೆ.

ಟಿಣ್ ಟಿಣ್ ನಿಂತಿದೆ.
ಪಟಪಟ ಶುರುವಾಗಿದೆ.
ಇದಕ್ಕೂ ನಿದ್ದೆ ಬರುವುದಿಲ್ಲ.